ಒಂದು ರೆಕಾರ್ಡು, ಎರಡು ತೀರ್ಪು

ಮಹಾರಾಷ್ಟ್ರದ ಗಡಿಭಾಗದ ಉಮರ್ಗಾ, ನಿಲಂಗಾ, ಉದಗೀರದ ಕಡೆ ಈಗ ಮೆರವಣಿಗೆ ಎಂದರೆ ಡಿಜೆ. ಹಾಡು ಮರಾಠಿಯದಿರಲಿ, ಹಿಂದಿಯದಿರಲಿ, ಕನ್ನಡದ್ದಿರಲಿ, ಅಡಿಯಲ್ಲಿ ಗುದ್ದುವುದು ಯಂತ್ರದ ಬೀಟು. ಅಭಂಗ, ಭಜನೆ ಕೇಳಿ ಬೆಳೆದ ಇಲ್ಲಿನ ಕಿವಿಗೆ ರಾಗವೂ ಹೊಸದಲ್ಲ. ಈ ಎರಡನ್ನೂ ಕೂಡಿಸುವ ಪ್ರಯೋಗ ಇದೇ ರಾಜ್ಯದ ಮುಂಬಯಿಯಲ್ಲಿ 1982ರಲ್ಲೇ ನಡೆದಿತ್ತು.

ಮಾಡಿದವರು ಚರಣಜಿತ್ ಸಿಂಗ್, ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ನುರಿತವರು. ಆಲ್ಬಮ್ಮಿನ ಹೆಸರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ತಬಲಾ ಇಲ್ಲ, ತಂಬೂರಿ ಇಲ್ಲ. ಇದ್ದದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ. ಟಿಆರ್-808 ತಾಳ ಹಾಕಿತು, ಟಿಬಿ-303 ಮಂದ್ರದಲ್ಲಿ ಸುತ್ತಿತು, ಜುಪಿಟರ್-8 ರಾಗ ನುಡಿಸಿತು. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಲಭ್ಯವಿತ್ತು. ಮೀಂಡ್ ಬಲ್ಲ ಸಂಗೀತಗಾರನಿಗೆ ಅದು ಕೈಗೆ ಒಗ್ಗುವಂಥದ್ದೇ.

ಎಚ್‌ಎಂವಿ ಹೊರತಂದ ರೆಕಾರ್ಡು ಮಾರಾಟವಾಗಲಿಲ್ಲ. ಆಗ ಡಿಸ್ಕೊ ಎಂದರೆ ‘ಕುರ್ಬಾನಿ’ಯಂಥ ಚಿತ್ರಗಳ ಹಾಡು. ಹಾಡುಗಾರರೂ ಇಲ್ಲದ, ಸಿನಿಮಾವೂ ಇಲ್ಲದ ರೆಕಾರ್ಡನ್ನು ಯಾವ ಸಾಲಿಗೆ ಸೇರಿಸುವುದು? ಕೇಳುಗರಿಗೆ ಅದು ದಕ್ಕಲಿಲ್ಲ.

ಅತ್ತ 303 ಕೂಡ ವ್ಯಾಪಾರದಲ್ಲಿ ಸೋತಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕ ಆ ಯಂತ್ರದ ಗುಂಡಿಗಳನ್ನು ತಿರುವುತ್ತ ಶಿಕಾಗೊದ ಫ್ಯೂಚರ್ ತಂಡ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ತಂದಿತು. ಆಸಿಡ್ ಹೌಸ್ ಎಂಬ ನೃತ್ಯಸಂಗೀತ ಹಬ್ಬಿತು. ಆ ಸಂಗೀತದಲ್ಲಿ ಪಳಗಿದ ಕಿವಿಗಳಿಗೆ ಮುಂಬಯಿಯ ರೆಕಾರ್ಡು ಸಿಕ್ಕಾಗ ತೀರ್ಪೇ ಬದಲಾಯಿತು. ಡಚ್ ಸಂಗ್ರಾಹಕ ಎಡೊ ಬೌಮನ್ ಅದನ್ನು 2010ರಲ್ಲಿ ಮರುಬಿಡುಗಡೆ ಮಾಡಿದರು. ಆಸಿಡ್ ಹೌಸ್ ಹುಟ್ಟಿದ್ದೇ ಭಾರತದಲ್ಲಿ ಎಂದು ಕೆಲವರು ಬರೆದರು. ಇನ್ನು ಕೆಲವರು ನಂಬಲೇ ಇಲ್ಲ. ಯಾರೋ ಈಚೆಗೆ ಮಾಡಿ ಹಳೆಯ ತಾರೀಖು ಹಚ್ಚಿದ್ದಾರೆ ಎಂದರು. ಮೂರನೆಯ ಮಾತು ಹೆಚ್ಚು ತೂಕದ್ದು: ಶಿಕಾಗೊದವರು ಇದನ್ನು ಕೇಳಿ ಕಲಿತರೆಂಬುದಕ್ಕೆ ಪುರಾವೆಯಿಲ್ಲ, ಒಂದೇ ಯಂತ್ರ ಇಬ್ಬರ ಕೈಯಲ್ಲೂ ಹತ್ತಿರದ ನಾದ ಹೊರಡಿಸಿತು, ಅಷ್ಟೆ. ಚರಣಜಿತರಂತೂ ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ಇದನ್ನು ನುಡಿಸಿ, 2015ರಲ್ಲಿ ತೀರಿಕೊಂಡರು.

ಈ ಹೊಗಳಿಕೆಯಲ್ಲೂ ಒಂದು ಕೊರತೆಯಿದೆ. ಶಿಕಾಗೊಗಿಂತ ಐದು ವರ್ಷ ಮೊದಲು ಬಂತು ಎಂಬುದನ್ನೇ ಹಿಡಿದು ಕೂತರೆ, ರಾಗ ಬರಿಯ ಅಲಂಕಾರವಾಗುತ್ತದೆ. ಹಿಂದೂಸ್ತಾನಿ ಬಲ್ಲ ಗಡಿನಾಡಿನ ಕೇಳುಗ ತಕರಾರು ಎತ್ತಬಹುದಾದ ಜಾಗವೇ ಬೇರೆ: ಬೆಳಗಿನ ತೋಡಿಗೂ ನಡುರಾತ್ರಿಯ ಮಾಲಕಂಸಕ್ಕೂ ಅದೇ ಗುದ್ದು, ನಿಧಾನವಾಗಿ ಬೆಳೆಯುವ ಆಲಾಪಕ್ಕೆ ಬೀಟು ಎಡೆ ಕೊಡುವುದಿಲ್ಲ. ಮೆಚ್ಚಬೇಕಾದ್ದೂ ಅಲ್ಲೇ ಇದೆ: ಅಂಥ ಬಿಗಿಯಲ್ಲೂ ಯಮನ್ ಯಮನ್ ಆಗಿಯೇ ಕೇಳಿಸುತ್ತದೆ. ಯಾರು ಮೊದಲಿಗರು ಎಂಬ ಜಗಳ ಕಾಲಗಣನೆಯದು. ರಾಗ ಎಷ್ಟು ಉಳಿಯಿತು ಎಂಬುದನ್ನು ಕಿವಿಯೇ ಹೇಳಬೇಕು.