ಅಂಡಮಾನ್‌ಗೆ ಹೊರಟಾಗ ಮೊದಲು ಕೇಳಿದ್ದು ಅಮ್ಮನ ಮಂಡಿಯನ್ನು

ಇಂದಿರಾನಗರದ ನಮ್ಮ ಆಫೀಸಿನಲ್ಲಿ ಡಿಸೆಂಬರ್ ಬಂತೆಂದರೆ ಊಟದ ಹೊತ್ತಿಗೆ ಒಂದೇ ಮಾತು: "ಈ ಸಲ ಎಲ್ಲಿಗೆ?" ಗೋವಾ ಹಳೆಯದಾಯ್ತು, ಮಾಲ್ಡೀವ್ಸ್ ಇಎಂಐ ಕೇಳುತ್ತೆ, ಕೊನೆಗೆ ಎಲ್ಲರೂ ಬಂದು ನಿಲ್ಲೋದು ಅಂಡಮಾನ್ ಹತ್ತಿರ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ನೇರ ವಿಮಾನ ಸಿಕ್ಕರೆ ಎರಡೂವರೆ ಗಂಟೆ ಚಿಲ್ಲರೆ. ಶುಕ್ರವಾರ ಸಂಜೆ ಕೆ.ಆರ್. ಪುರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರೋಕೂ ಅಷ್ಟೇ ಹೊತ್ತು ಬೇಕು.

ಸ್ನೇಹಿತರ ಜೊತೆ ಹೋಗುವವರಿಗೆ ಈ ಲೇಖನ ಅಷ್ಟಾಗಿ ಬೇಕಾಗಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡವರಿಗೆ ಇದು.

ನಮ್ಮದು ಹಲಸೂರು. ಅಪ್ಪ ದೂರವಾಣಿನಗರದ ಐಟಿಐನಲ್ಲಿ ದುಡಿದು ನಿವೃತ್ತರಾದವರು. ಇಬ್ಬರು ಮಕ್ಕಳ ಫೀಸು, ಮನೆ ಸಾಲ ಅಂತ ಅವರ ಪ್ರವಾಸಗಳೆಲ್ಲ ಧರ್ಮಸ್ಥಳ, ತಿರುಪತಿಯಲ್ಲೇ ಮುಗಿದಿದ್ದವು. ಅಮ್ಮ ದಿನಾ ನೋಡುತ್ತಿದ್ದ ದ್ವೀಪ ಎಂದರೆ ಹಲಸೂರು ಕೆರೆಯ ನಡುಗಡ್ಡೆ ಮಾತ್ರ. ಕಳೆದ ವರ್ಷದ ಕೊನೆಗೆ ಡಾಕ್ಟರು ಅಮ್ಮನ ಎರಡೂ ಮಂಡಿಗೆ ಆಪರೇಷನ್ ಆಗಲೇಬೇಕು ಎಂದು ಮಾರ್ಚ್‌ಗೆ ದಿನ ಕೊಟ್ಟರು. ಏಪ್ರಿಲ್‌ನಲ್ಲಿ ತಮ್ಮ ಓದಲು ಜರ್ಮನಿಗೆ ಹೊರಡುವವನಿದ್ದ. ನಾಲ್ಕು ಜನ ಒಟ್ಟಿಗೆ ಹೋಗೋಕೆ ನಮಗೆ ಉಳಿದಿದ್ದು ಜನವರಿ ಒಂದೇ. ಮತ್ತೆ ಯಾವಾಗ ಅಂದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

"ಈ ಮಂಡಿ ಇಟ್ಕೊಂಡು ಸಮುದ್ರಕ್ಕೆ ಹೋಗೋದೇನೆ? ನೀವು ಮೂರು ಜನ ಹೋಗ್ಬನ್ನಿ" ಅಂದಳು ಅಮ್ಮ. ಹಾಗಾಗಿ ನಮ್ಮ ಪ್ರವಾಸದ ಪ್ಲ್ಯಾನ್ ಶುರುವಾಗಿದ್ದೇ ಅವಳ ಮಂಡಿಯಿಂದ.

ಒಬ್ಬರಿಗೆ ಒಂದೇ ಆಸೆ

ನಾವು ವಿಚಾರಿಸಿದ ಟ್ರಾವೆಲ್ಸ್‌ನವರೆಲ್ಲ ಕೊಟ್ಟಿದ್ದು ಹೆಚ್ಚುಕಮ್ಮಿ ಒಂದೇ ಪಟ್ಟಿ: ಐದು ರಾತ್ರಿ, ನಾಲ್ಕು ದ್ವೀಪ, ಹದಿನಾಲ್ಕು ಜಾಗ. ಓದಿದಾಗ ಲಾಭದ ವ್ಯವಹಾರ ಅನಿಸುತ್ತೆ. ಕೂತು ಲೆಕ್ಕ ಹಾಕಿದರೆ ದಿನಕ್ಕೆ ಎರಡು ಸಲ ಪೆಟ್ಟಿಗೆ ಕಟ್ಟಬೇಕು, ಆರು ಸಲ ದೋಣಿ ಹತ್ತಿ ಇಳಿಯಬೇಕು.

ಆ ಪಟ್ಟಿ ಬದಿಗಿಟ್ಟು ಒಂದು ರಾತ್ರಿ ಊಟ ಆದ ಮೇಲೆ ನಾಲ್ಕು ಜನಕ್ಕೂ ಒಂದೊಂದು ಚೀಟಿ ಕೊಟ್ಟೆ. "ಒಂದೇ ಒಂದು ಆಸೆ ಬರೀರಿ. ಅದು ಆಗಲಿಲ್ಲ ಅಂದ್ರೆ ಹೋಗಿದ್ದೇ ದಂಡ ಅನ್ನಿಸಬೇಕು, ಅಂಥದ್ದು." ಅಪ್ಪ ಬರೆದಿದ್ದು ಸೆಲ್ಯುಲರ್ ಜೈಲು. ತಮ್ಮನದು ನೀರೊಳಗಿನ ಹವಳ. ನನ್ನದು ಎರಡು ದಿನ ಲ್ಯಾಪ್‌ಟಾಪ್ ಮುಟ್ಟದೆ ಇರೋದು. ಅಮ್ಮ ಬರೆದಿದ್ದಳು: "ಸಮುದ್ರದ ನೀರಲ್ಲಿ ಕಾಲಿಟ್ಟು ಕುರ್ಚಿ ಮೇಲೆ ಕೂತ್ಕೋಬೇಕು."

ಹದಿನಾಲ್ಕು ಜಾಗ ಇದ್ದದ್ದು ಅಲ್ಲಿಗೆ ಮೂರಾಯಿತು. ಉಳಿದಿದ್ದೆಲ್ಲ ಸಿಕ್ಕರೆ ಸಿಗಲಿ ಎಂದು ಬಿಟ್ಟೆವು.

ಎಷ್ಟು ದ್ವೀಪ ಸಾಕು?

ಅಂಡಮಾನ್ ನಿಕೋಬಾರ್‌ನಲ್ಲಿ ಐನೂರಕ್ಕೂ ಹೆಚ್ಚು ದ್ವೀಪಗಳಿವೆ. ಜನ ವಾಸ ಇರುವುದು ನಲವತ್ತಕ್ಕಿಂತ ಕಡಿಮೆ ಕಡೆ. ಪ್ರವಾಸಿಗರು ಸಾಮಾನ್ಯವಾಗಿ ಉಳಿಯುವುದು ಮೂರರಲ್ಲಿ. ಹೆಸರುಗಳು ಬದಲಾಗಿರುವುದರಿಂದ ಬುಕ್ ಮಾಡುವಾಗ ಗಲಿಬಿಲಿ ಆಗಬಹುದು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯ ಪುರಂ. ಹ್ಯಾವ್‌ಲಾಕ್ 2018ರ ಡಿಸೆಂಬರ್‌ನಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಓಡಾಡುತ್ತಿವೆ.

ವಿಮಾನ ಇಳಿಯುವುದು ಶ್ರೀ ವಿಜಯ ಪುರಂನಲ್ಲಿ. ಅಲ್ಲಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗಿನಲ್ಲಿ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆ. ಕಾಗದದ ಮೇಲೆ ಕಾಣುವುದು ಇಷ್ಟೇ. ರೂಮು ಖಾಲಿ ಮಾಡಿ, ಜೆಟ್ಟಿಗೆ ಬಂದು, ಸಾಲಿನಲ್ಲಿ ನಿಂತು, ಲಗೇಜ್ ತಪಾಸಣೆ ಮುಗಿಸಿ, ಆ ಕಡೆ ಇಳಿದು ಹೊಸ ರೂಮು ಸೇರುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತೆ. ಒಂದು ದ್ವೀಪ ಜಾಸ್ತಿ ಸೇರಿಸಿದರೆ ಅರ್ಧ ದಿನ ಕಮ್ಮಿ ಆಯಿತು ಎಂದೇ ಲೆಕ್ಕ.

ನೀಲ್ ಚಿಕ್ಕದು, ಹೆಚ್ಚುಕಡಿಮೆ ಸಮತಟ್ಟು, ತರಕಾರಿ ತೋಟಗಳ ಊರು. ಭರತ್‌ಪುರ, ಲಕ್ಷ್ಮಣ್‌ಪುರ, ಸೀತಾಪುರ ಎಂದು ಬೀಚುಗಳ ಹೆಸರಲ್ಲೇ ಅರ್ಧ ರಾಮಾಯಣ ಇದೆ. ತಮ್ಮ ಅದಕ್ಕಾಗಿ ಹಠ ಹಿಡಿದ. ಆದರೆ ನಮ್ಮ ಆರು ರಾತ್ರಿಯನ್ನು ಹೀಗೆ ಹಂಚಿದೆವು: ಶ್ರೀ ವಿಜಯ ಪುರಂ ಒಂದು, ಹ್ಯಾವ್‌ಲಾಕ್ ನಾಲ್ಕು, ವಾಪಸ್ ಬಂದು ಇನ್ನೊಂದು. ನೀಲ್ ಬಿಟ್ಟೆವು.

ಆ ಕೊನೆಯ ರಾತ್ರಿಯನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. ಸಮುದ್ರ ಕೆಟ್ಟರೆ ಹಡಗು ತಡವಾಗುತ್ತೆ, ಕೆಲವೊಮ್ಮೆ ರದ್ದೂ ಆಗುತ್ತೆ. ನಾವು ವಾಪಸ್ ಬರುವ ದಿನ ಗಾಳಿ ಜಾಸ್ತಿ ಇತ್ತು, ಹಡಗು ಹೊರಟಿದ್ದು ಮೂರು ಗಂಟೆ ತಡವಾಗಿ. ಜೆಟ್ಟಿಯಲ್ಲಿ ಅದೇ ದಿನದ ವಿಮಾನ ಇದ್ದ ಒಂದು ಕುಟುಂಬ ಫೋನ್ ಹಿಡಿದುಕೊಂಡು ಓಡಾಡುತ್ತಿತ್ತು. ನಮ್ಮ ವಿಮಾನ ಮಾರನೇ ದಿನ. ಅಮ್ಮ ಎಳನೀರು ಕುಡಿಯುತ್ತ ಕೂತಿದ್ದಳು.

ರೂಮು: ಪೂರ್ವವೋ, ಪಶ್ಚಿಮವೋ?

ಹ್ಯಾವ್‌ಲಾಕ್‌ನಲ್ಲಿ ಉಳಿಯುವ ಜಾಗ ಅಂದರೆ ಮುಖ್ಯವಾಗಿ ಎರಡು ಕಡೆ.

ಪಶ್ಚಿಮಕ್ಕೆ ರಾಧಾನಗರ್ ಬೀಚ್. ಬಿಳಿ ಮರಳು, ಹಿಂದೆ ಎತ್ತರದ ಕಾಡು, ಎದುರಿಗೆ ಸೂರ್ಯಾಸ್ತ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಕರೆದದ್ದು ಇದನ್ನೇ. ಇಲ್ಲಿ ರೆಸಾರ್ಟ್‌ಗಳು ಕೆಲವೇ, ಜೆಟ್ಟಿ ಮತ್ತು ಅಂಗಡಿಗಳಿಂದ ಸುಮಾರು ಹನ್ನೆರಡು ಕಿಲೋಮೀಟರ್ ದೂರ.

ಪೂರ್ವಕ್ಕೆ ಗೋವಿಂದ್‌ನಗರ್, ವಿಜಯ್‌ನಗರ್. ಜೆಟ್ಟಿ, ಹೋಟೆಲು, ಔಷಧಿ ಅಂಗಡಿ, ಆಟೋ ಎಲ್ಲ ಹತ್ತಿರ, ಎಲ್ಲ ಬಜೆಟ್‌ಗೂ ರೂಮು ಸಿಗುತ್ತೆ. ಫೋಟೋದಲ್ಲಿ ಕಾಣದ ವಿಷಯ ಒಂದಿದೆ. ಈ ಕಡೆ ಇಳಿತದ ಹೊತ್ತಿಗೆ ನೀರು ತುಂಬ ದೂರ ಹಿಂದೆ ಸರಿದು ಕಲ್ಲು, ಸತ್ತ ಹವಳ ಬಯಲಾಗುತ್ತವೆ. ಆಗ ಸ್ನಾನಕ್ಕೆ ಇಳಿಯೋ ಹಾಗಿಲ್ಲ. "ಬೀಚ್ ಫ್ರಂಟ್" ಅಂತ ಜಾಸ್ತಿ ದುಡ್ಡು ಕೊಟ್ಟವರು ಬೆಳಗ್ಗೆ ಎದ್ದು "ಸಮುದ್ರ ಎಲ್ಲಿ?" ಎಂದು ಕೇಳುವುದು ಇದಕ್ಕೇ. ಉಬ್ಬರ ಇಳಿತದ ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತೆ. ನೀವು ಹೋಗುವ ದಿನಗಳದ್ದನ್ನು ಮೊಬೈಲ್‌ನಲ್ಲೇ ನೋಡಿಕೊಂಡು ಹೊರಡಿ.

ನಾವು ಆರಿಸಿದ್ದು ಪೂರ್ವ. ರಾತ್ರಿ ಮಂಡಿ ಊದಿಕೊಂಡರೆ ಐಸು, ಮಾತ್ರೆ, ಆಟೋ ಕೈಗೆಟುಕಬೇಕು ಅನ್ನೋದೇ ಕಾರಣ. ರಾಧಾನಗರ್‌ಗೆ ಮಧ್ಯಾಹ್ನ ಆಟೋದಲ್ಲಿ ಹೋಗಿಬಂದರಾಯಿತು.

ಬುಕ್ ಮಾಡುವ ಮೊದಲು ಹೋಟೆಲ್‌ಗೆ ಫೋನ್ ಮಾಡಿ ಇಷ್ಟು ಕೇಳಿದೆ. ರೂಮು ನೆಲಮಹಡಿಯೇ? ಬಾಗಿಲಿಗೆ ಎಷ್ಟು ಮೆಟ್ಟಿಲು? (ಬಿದಿರಿನ ಕಾಟೇಜುಗಳನ್ನು ಹಲವು ಕಡೆ ಕಂಬಗಳ ಮೇಲೆ ಕಟ್ಟಿರುತ್ತಾರೆ.) ರಸ್ತೆಯಿಂದ ರೂಮಿಗೆ ಗಟ್ಟಿ ದಾರಿ ಇದೆಯೋ, ಮರಳಲ್ಲಿ ನಡೆಯಬೇಕೋ? ಶೌಚಾಲಯ ವೆಸ್ಟರ್ನ್ ತಾನೆ, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಏನಾದರೂ ಇದೆಯಾ? ಕರೆಂಟ್ ಹೋದರೆ ಜನರೇಟರ್ ಇದೆಯಾ? ಐದು ಹೋಟೆಲ್‌ಗಳಿಗೆ ಮಾಡಿದ ಫೋನ್‌ನಲ್ಲಿ ಮೂರು ಅಲ್ಲೇ ಬಿದ್ದುಹೋದವು. ನಾಲ್ಕನೆಯದು ಒಪ್ಪಿಗೆಯಾಯಿತು. ಅಷ್ಟೇನೂ ಚೆಂದದ ರೂಮಲ್ಲ, ಆದರೆ ಬಾಗಿಲಿಗೆ ಒಂದೇ ಮೆಟ್ಟಿಲು.

ಅಲ್ಲಿ ದಿನ ಬೇಗ ಮುಗಿಯುತ್ತೆ

ಅಂಡಮಾನ್ ನಮ್ಮೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಅಲ್ಲಿ ಒಂದು ಗಂಟೆ ಮುಂಚೆ ಹುಟ್ಟಿ, ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಜನವರಿಯಲ್ಲಿ ಸಂಜೆ ಐದೂಕಾಲರ ಹೊತ್ತಿಗೆ ಸೂರ್ಯಾಸ್ತ. ಇಲ್ಲಿಯ ಲೆಕ್ಕದಲ್ಲಿ ಕಾಫಿ ಕುಡಿದು ಐದಕ್ಕೆ ಬೀಚಿಗೆ ಹೊರಟರೆ ಕತ್ತಲೆ ನೋಡಿಕೊಂಡು ಬರಬೇಕು. ನಾವು ಮೂರಕ್ಕೇ ರಾಧಾನಗರ್ ಸೇರುತ್ತಿದ್ದೆವು.

ನೋಡಿದ್ದು

ವಿಮಾನ ಇಳಿದ ದಿನವೇ ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಹೋದೆವು. 1896ರಿಂದ 1906ರವರೆಗೆ ಕಟ್ಟಿದ ಜೈಲು. ನಡುವಿನ ಗೋಪುರದಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು ಕಟ್ಟಡ ಇದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು ಎಂದೇ ಹಾಗೆ ಕಟ್ಟಿದ್ದು. ಅಮ್ಮ ಅಂಗಳದಲ್ಲೇ ಕೂತಳು. ಅಪ್ಪ ಒಂದು ಕೋಣೆಯೊಳಗೆ ಹೋಗಿ ಹೆಜ್ಜೆ ಹಾಕಿ ಅಳೆದರು. ಹೊರಗೆ ಬಂದು, "ಜೀವನ ಪೂರ್ತಿ ಟೆಲಿಫೋನ್ ಮಾಡೋ ಫ್ಯಾಕ್ಟರಿಲಿ ಇದ್ದೆ. ಇಲ್ಲಿ ಪಕ್ಕದ ಕೋಣೆಯವನ ಜೊತೆ ಮಾತಾಡೋಕೂ ಬಿಡ್ತಿರಲಿಲ್ಲ" ಅಂದರು. ಆಮೇಲೆ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಹ್ಯಾವ್‌ಲಾಕ್‌ನಲ್ಲಿ ತಮ್ಮ ಒಂದು ಬೆಳಗ್ಗೆ ಸ್ಪೀಡ್ ಬೋಟ್ ಹತ್ತಿ ಎಲಿಫೆಂಟ್ ಬೀಚಿಗೆ ಹೋಗಿ ಸ್ನಾರ್ಕೆಲಿಂಗ್ ಮಾಡಿಬಂದ. ಅಲುಗಾಡುವ ದೋಣಿಗೆ ಹತ್ತಿ ಇಳಿಯೋದು ಅಮ್ಮನಿಗೆ ಆಗದ ಮಾತು. ಅವಳು, ಅಪ್ಪ ರೂಮಿನ ಮುಂದೆ ಕೂತು ಪೇಪರ್ ಓದಿದರು. ಎಲ್ಲರೂ ಎಲ್ಲ ಕಡೆ ಹೋಗಬೇಕು ಎಂಬ ಕಾನೂನೇನಿಲ್ಲ. ಬೆಳಗ್ಗೆ ಅವರವರ ಪಾಡು, ಮಧ್ಯಾಹ್ನದಿಂದ ಒಟ್ಟಿಗೆ ಅಂತ ಮಾಡಿಕೊಂಡ ಮೇಲೆ ಯಾರ ಮುಖವೂ ಬಾಡಲಿಲ್ಲ.

ರಾಧಾನಗರ್‌ಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಇದೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಿವೆ. ವಯಸ್ಸಾದವರಿಗೆ ಸೂರ್ಯಾಸ್ತಕ್ಕಿಂತ ಇದು ದೊಡ್ಡ ವಿಷಯ. ಈ ದ್ವೀಪಗಳ ಸುತ್ತ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆ ಫಲಕ ಇರುವ ಕಡೆ ಇಳಿಯಬೇಡಿ, ಜೀವರಕ್ಷಕರ ಮಾತು ಕೇಳಿ. ತಮ್ಮ ಹತ್ತಿರದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತಂದು ಅಲೆ ಬಂದು ತಿರುಗುವ ಜಾಗದಲ್ಲಿ ಊರಿದ. ಅಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಕೂತಳು. ಪ್ರತಿ ಅಲೆಗೂ ಕುರ್ಚಿ ಸ್ವಲ್ಪ ಸ್ವಲ್ಪ ಮರಳಿಗೆ ಇಳಿಯುತ್ತಿತ್ತು, ಅಪ್ಪ ಹಿಂದೆ ನಿಂತು ಹಿಡಿದುಕೊಂಡಿದ್ದರು. ಮೂರು ಸಂಜೆ ಹೀಗೇ. ನಾಲ್ಕನೇ ದಿನ ಬೇರೆ ಬೀಚ್ ನೋಡೋಣವಾ ಅಂದರೆ, "ಇಲ್ಲೇನು ನೀರು ಮುಗಿದೋಯ್ತಾ?" ಅಂದಳು.

ಬಿಟ್ಟಿದ್ದು

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳು ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ಇರುತ್ತವೆ. ರಸ್ತೆಯಲ್ಲಿ ಹೋದರೆ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನ ನಡುವೆ, ಪೊಲೀಸ್ ಕಾವಲಿನಲ್ಲಿ, ವಾಹನಗಳ ಸಾಲಾಗಿ ಸಾಗಬೇಕು. ಅವರ ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಆದರೂ "ಜಾರವಾಗಳನ್ನ ನೋಡಬಹುದು" ಎಂದು ಪಿಸುಗುಟ್ಟಿ ಟೂರ್ ಮಾರುವವರು ಇದ್ದಾರೆ. "ಅವರ ಮನೆ ಬಾಗಿಲಲ್ಲಿ ನಾವ್ಯಾಕೆ ಇಣುಕಬೇಕು?" ಅಂದಳು ಅಮ್ಮ. ಗುಹೆಯವರೆಗೆ ಒಂದು ಕಿಲೋಮೀಟರ್‌ಗೂ ಹೆಚ್ಚು ನಡಿಗೆ ಬೇರೆ. ಆ ದಿನ ಉಳಿಯಿತು.

ನೀವು ಹೊರಡುವುದಾದರೆ

ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮೇ ತಿಂಗಳಿಂದ ಮಳೆ, ಅಲೆ ಎರಡೂ ಜೋರು. ಹಡಗಿನ ಟಿಕೆಟ್ ಮೊದಲೇ ಮಾಡಿಸಿ, ವಾಂತಿ ಬರುವವರಿಗೆ ಮಾತ್ರೆಯನ್ನು ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ. ನಗದು ಒಯ್ಯಿರಿ, ಹ್ಯಾವ್‌ಲಾಕ್‌ನಲ್ಲಿ ಎಟಿಎಂ ಕಡಿಮೆ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ "ನೆಟ್‌ವರ್ಕ್ ಇಲ್ಲ ಸಾರ್" ಅನ್ನೋ ನೆಪ ಮ್ಯಾನೇಜರ್ ಹತ್ತಿರ ನಡೆಯಲ್ಲ, ರಜೆ ಸರಿಯಾಗಿ ಹಾಕಿ ಹೋಗಿ. ಹವಳದ ಚೂರು ಆರಿಸಿ ತರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ಇಷ್ಟು ದಿನ, ಇಷ್ಟು ದುಡ್ಡು ಇಲ್ಲ ಅಂದರೂ ಸಮುದ್ರ ದೂರವೇನಿಲ್ಲ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಕಂಬ ಕಂಬವಾಗಿ ನಿಂತ ಕಲ್ಲು ನೋಡಿ ಸಂಜೆಗೆ ವಾಪಸ್ ಬರಬಹುದು. ಅಲ್ಲಿ ರಾತ್ರಿ ಉಳಿಯೋ ಹಾಗಿಲ್ಲ, ಮಳೆಗಾಲದಲ್ಲಿ ದೋಣಿ ಇಲ್ಲ. ಲಕ್ಷದ್ವೀಪಕ್ಕಾದರೆ ಪ್ರವೇಶ ಪರವಾನಗಿ ಬೇಕು. ಅಲ್ಲಿಯ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಎಲ್ಲಿಗೇ ಹೋಗಿ, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು ಅಂತ ಮೊದಲು ನೋಡಿ. ಅವರ ಹೆಜ್ಜೆಗೆ ರೂಮು ಹುಡುಕಿ, ಅವರ ಹೆಜ್ಜೆಗೆ ದಿನ ಹಂಚಿ. ಉಳಿದವರ ಪ್ರವಾಸ ಅದರೊಳಗೇ ಕೂತುಕೊಳ್ಳುತ್ತೆ.

ಮಾರ್ಚ್‌ನಲ್ಲಿ ಅಮ್ಮನ ಆಪರೇಷನ್ ಆಯಿತು. ತಮ್ಮ ಜರ್ಮನಿಯಲ್ಲಿದ್ದಾನೆ. ಅಮ್ಮ ಈಗ ಕೋಲಿಲ್ಲದೆ ಕೆರೆಯ ತನಕ ನಡೆಯುತ್ತಾಳೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವನನ್ನು ಕೇಳುತ್ತಿದ್ದಳು: "ಅವತ್ತು ನೀನು ಹಠ ಮಾಡಿದ್ಯಲ್ಲ, ನಾವು ಬಿಟ್ಟು ಬಂದ್ವಿ ನೋಡು, ಆ ದ್ವೀಪದ ಹೆಸರೇನೋ?"