ಹತ್ತೊಂಬತ್ತನೆಯ ಎಲೆಕ್ಟ್ರಾನ್ ಎಲ್ಲಿಗೆ ಹೋಗುತ್ತದೆ?

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಓರೆ ಬಾಣಗಳ ಆ ಚಿತ್ರ ನೆನಪಿರುತ್ತದೆ. ಬಾಣ ಹಿಡಿದು ಸಾಗಿದರೆ ಯಾವ ಆರ್ಬಿಟಲ್ ಮೊದಲು ತುಂಬುತ್ತದೆಂದು ಬರೆಯಬಹುದು, ಅಂಕವೂ ಬರುತ್ತದೆ. ಆದರೆ 3ಡಿ ಖಾಲಿ ಇರುವಾಗಲೇ 4ಎಸ್ ಏಕೆ ತುಂಬಬೇಕು? ಹೀಗೆ ಕೇಳಿದ ವಿದ್ಯಾರ್ಥಿಯನ್ನು ‘ನಿಯಮವೇ ಹಾಗೆ’ ಎಂದು ಕೂರಿಸಿಬಿಡುವುದು ಅನ್ಯಾಯ. ಈ ಪಾಠದ ಸೊಗಸೆಲ್ಲ ಇರುವುದೇ ಆ ಪ್ರಶ್ನೆಯಲ್ಲಿ.

ಒಂದೇ ಎಲೆಕ್ಟ್ರಾನ್ ಇರುವ ಹೈಡ್ರೋಜನ್‌ನಲ್ಲಿ ಈ ತೊಡಕಿಲ್ಲ. ಅಲ್ಲಿ 3ಎಸ್, 3ಪಿ, 3ಡಿಗಳ ಶಕ್ತಿ ಹೆಚ್ಚುಕಡಿಮೆ ಒಂದೇ. 4ಎಸ್ ಅವುಗಳ ಮೇಲಿದೆ. ಪೊಟ್ಯಾಸಿಯಂಗೆ ಬಂದರೆ ಲೆಕ್ಕ ತಲೆಕೆಳಗು. ಬೀಜಕೇಂದ್ರದಲ್ಲಿ 19 ಪ್ರೋಟಾನ್‌ಗಳು, ಒಳಗೆ ಆಗಲೇ 18 ಎಲೆಕ್ಟ್ರಾನ್‌ಗಳು. ಉಳಿದೊಂದು 3ಡಿಗೆ ಹೋದರೆ ಆ ಹದಿನೆಂಟರ ಮರೆಯಾಚೆಯೇ ಉಳಿದು, ಹೆಚ್ಚುಕಡಿಮೆ ಒಂದೇ ಪ್ರೋಟಾನಿನಷ್ಟು ಸೆಳೆತ ಅದಕ್ಕೆ ದಕ್ಕುತ್ತದೆ. 4ಎಸ್ ಹಾಗಲ್ಲ. ಅದರ ಹರವಿನ ಸಣ್ಣ ಪಾಲು ಬೀಜಕೇಂದ್ರದವರೆಗೂ ಇಳಿದಿರುತ್ತದೆ. ಅಲ್ಲಿ ಮರೆ ಎಂಬುದಿಲ್ಲ. ಅಷ್ಟರಿಂದಲೇ ಅದು 3ಡಿಗಿಂತ ಸುಮಾರು 2.67 ಎಲೆಕ್ಟ್ರಾನ್ ವೋಲ್ಟ್ ಕೆಳಗಿಳಿಯುತ್ತದೆ.

ಇದಕ್ಕೆ ಸಾಕ್ಷಿ ಲ್ಯಾಬಿನಲ್ಲೇ ಇದೆ. ಪ್ಲಾಟಿನಂ ತಂತಿಯ ತುದಿಗೆ ಪೊಟ್ಯಾಸಿಯಂ ಕ್ಲೋರೈಡ್ ಅಂಟಿಸಿ ಬರ್ನರ್‌ಗೆ ಹಿಡಿದರೆ ಜ್ವಾಲೆ ತಿಳಿನೇರಳೆಯಾಗುತ್ತದೆ. ಸೋಡಿಯಂನ ಹಳದಿ ಅಡ್ಡಬಂದರೆ ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಬೇಕು. ಆ ಬೆಳಕಿನಲ್ಲಿರುವ 766 ಮತ್ತು 770 ನ್ಯಾನೊಮೀಟರಿನ ಕಡುಗೆಂಪು, 404ರ ನೇರಳೆ, ಎಲ್ಲವೂ ಮೇಲೇರಿದ ಎಲೆಕ್ಟ್ರಾನ್ 4ಎಸ್‌ಗೆ ಮರಳುವಾಗ ಹೊಮ್ಮಿದವು.

ಬಾಣದ ಚಿತ್ರ ಕ್ಯಾಲ್ಸಿಯಂವರೆಗೆ ನಿಜ. ಮುಂದಿನ ಸ್ಕ್ಯಾಂಡಿಯಂನಲ್ಲೇ ಅದು ದಾರಿ ತಪ್ಪಿಸುತ್ತದೆ. ರಸಾಯನಶಾಸ್ತ್ರದ ತತ್ವಚಿಂತಕ ಎರಿಕ್ ಸೆರ್ರಿ ಇದನ್ನು ಒತ್ತಿ ಹೇಳುತ್ತ ಬಂದಿದ್ದಾರೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಸ್ಕ್ಯಾಂಡಿಯಂ ಅಯಾನಿಗೆ ಒಂದನ್ನು ಮರಳಿಸಿದರೆ ಅದು ಸೇರುವುದು 3ಡಿಗೆ. ಬೀಜಕೇಂದ್ರದ ಸೆಳೆತ ಹೆಚ್ಚಿ 3ಡಿ ಆಗಲೇ ಕುಗ್ಗಿ ಕೆಳಗಿಳಿದಿರುತ್ತದೆ. ಆ ಇಕ್ಕಟ್ಟಿನಲ್ಲಿ ಎಲೆಕ್ಟ್ರಾನ್‌ಗಳ ವಿಕರ್ಷಣೆ ಜೋರು, ಹಾಗಾಗಿ ಉಳಿದೆರಡು 4ಎಸ್‌ಗೆ ಹೋಗುತ್ತವೆ. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುವಾಗ ಮೊದಲು ಬರಿದಾಗುವುದು 4ಎಸ್ಸೇ. 3ಡಿಯ ಆರೂ ಉಳಿಯುತ್ತವೆ. ‘ಮೊದಲು ತುಂಬಿದ್ದು ಮೊದಲು ಏಕೆ ಖಾಲಿಯಾಗುತ್ತದೆ’ ಎಂಬ ಒಗಟು ಆಗ ಉಳಿಯುವುದೇ ಇಲ್ಲ.

ಕ್ರೋಮಿಯಂಗೆ 3ಡಿಯಲ್ಲಿ ಐದು, 4ಎಸ್‌ನಲ್ಲಿ ಒಂದು. ಅರ್ಧ ತುಂಬಿದ ಡಿ ಹೆಚ್ಚು ಸ್ಥಿರ ಎಂದು ಪಾಠ ಹೇಳಿ ಮುಗಿಸುತ್ತೇವೆ. ಅದೊಂದೇ ಕಾರಣವಾಗಿದ್ದರೆ ಅದೇ ಗುಂಪಿನ ಟಂಗ್‌ಸ್ಟನ್ ಕೂಡ ಹಾಗೆಯೇ ಇರಬೇಕಿತ್ತು. ಅದರ 5ಡಿಯಲ್ಲಿರುವುದು ನಾಲ್ಕು, 6ಎಸ್‌ನಲ್ಲಿ ಎರಡು.