ಸೂಜಿ ಚುಚ್ಚಿದರೆ ನೋವು ಹೋಗುತ್ತಾ?

ಅಕ್ಯುಪಂಕ್ಚರ್ ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ಬರುವ ಮೊದಲ ಜೋಕು ಗೇಟಿನ ಹೊರಗಿರುವ ಪಂಕ್ಚರ್ ಅಂಗಡಿಯದ್ದು. ಅದು ಮುಗಿದ ಮೇಲೆ ಎರಡು ಗುಂಪಾಗುತ್ತೆ. "ಸಾವಿರಾರು ವರ್ಷದ ವಿದ್ಯೆ, ಎಲ್ಲಾ ಕಾಯಿಲೆಗೂ ಮದ್ದು" ಅಂತ ಒಂದು ಗುಂಪು. "ಎಲ್ಲಾ ಬೊಗಳೆ" ಅಂತ ಇನ್ನೊಂದು. ಎರಡೂ ಗುಂಪು ಕೇಳದ ಪ್ರಶ್ನೆ ಒಂದಿದೆ: ಯಾವ ಕಾಯಿಲೆಗೆ, ಮತ್ತು ಯಾವುದಕ್ಕೆ ಹೋಲಿಸಿದರೆ? ಮಂಡಿ ನೋವಿನ ಅಜ್ಜಿಯೋ ಮೈಗ್ರೇನ್ ಇರುವ ಅಮ್ಮನೋ ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ. ಹಾಗಾಗಿ ಇದು ಬರೀ ವಾದದ ವಿಷಯ ಅಲ್ಲ. ದುಡ್ಡು, ಆರೋಗ್ಯ ಎರಡೂ ಇದರಲ್ಲಿದೆ.

ಮೊದಲು ಇದು ಏನು ಅಂತ ನೋಡೋಣ. ಚೀನಾದ ಹಳೆಯ ಪದ್ಧತಿಯ ಪ್ರಕಾರ ದೇಹದಲ್ಲಿ 'ಚಿ' ಎಂಬ ಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತೆ, ಸೂಜಿ ಅದರ ತಡೆಯನ್ನು ಬಿಡಿಸುತ್ತೆ. ಮೆಡಿಕಲ್ ಅಕ್ಯುಪಂಕ್ಚರ್‌ನಲ್ಲಿ ಸೂಜಿ ಅದೇ, ವಿವರಣೆ ಬೇರೆ. ಇಲ್ಲಿ 'ಚಿ' ಬದಲು ನರ, ಸ್ನಾಯು, ಮೆದುಳಿನ ಲೆಕ್ಕ. ಸೂಜಿ ಸುಮಾರು ಕಾಲು ಮಿಲಿಮೀಟರ್ ದಪ್ಪ ಇರುತ್ತೆ. ಇಂಜೆಕ್ಷನ್ ಸೂಜಿಯ ಹಾಗೆ ಟೊಳ್ಳಲ್ಲ, ಅದರಲ್ಲಿ ಯಾವ ಔಷಧಿಯೂ ಇಲ್ಲ.

ಪಶ್ಚಿಮದ ದೇಶಗಳಲ್ಲಿ ಇದು ಮನೆಮಾತಾಗಲು ಒಂದು ಅಪೆಂಡಿಕ್ಸ್ ಕಾರಣ! 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗ್‌ನಲ್ಲಿ ಆಪರೇಷನ್ ಆಯಿತು. ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರು ಅನ್ನುವ ಕಥೆ ಇವತ್ತಿಗೂ ಓಡಾಡುತ್ತೆ. ಅದು ತಪ್ಪು. ಆಪರೇಷನ್‌ಗೆ ಮಾಮೂಲಿ ಅರಿವಳಿಕೆಯನ್ನೇ ಕೊಟ್ಟಿದ್ದರು. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟ ಆದಾಗ ಸೂಜಿ ಹಾಕಿದರು. ಅವರು ಅದನ್ನು ಬರೆದ ಮೇಲೆ ಅಮೆರಿಕದಲ್ಲಿ ಕುತೂಹಲ ಹೆಚ್ಚಾಯಿತು.

ಸೂಜಿ ಒಳಗೆ ಹೋದಾಗ ಏನಾಗುತ್ತೆ? ಎರಡು ಸುಳಿವು ಸಿಕ್ಕಿವೆ. ದೇಹವೇ ತಯಾರಿಸುವ ಎಂಡಾರ್ಫಿನ್ ಎಂಬ ನೋವು ನಿವಾರಕ ಬಿಡುಗಡೆ ಆಗುತ್ತೆ ಅನ್ನೋದು ಒಂದು. 1977ರ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್‌ಗೆ ಅಡ್ಡ ಬರುವ ನಾಲೊಕ್ಸೋನ್ ಔಷಧಿ ಕೊಟ್ಟಾಗ ಸೂಜಿಯಿಂದ ಕಡಿಮೆಯಾಗಿದ್ದ ಹಲ್ಲಿನ ನೋವು ವಾಪಸ್ ಬಂತು. ಎರಡನೆಯದು 2010ರಲ್ಲಿ ಇಲಿಗಳ ಮೇಲೆ ಮಾಡಿದ್ದು. ಸೂಜಿ ತಿರುಗಿಸಿದ ಜಾಗದಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಜಾಸ್ತಿಯಾಯಿತು. ಅಡೆನೊಸಿನ್ ಹಿಡಿಯುವ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ನೋವು ಕಡಿಮೆ ಆಗಲಿಲ್ಲ.

ಆದರೆ ಇಲಿಯಲ್ಲಿ ಆದದ್ದು ಅಜ್ಜಿಯ ಮಂಡಿಯಲ್ಲೂ ಆಗಬೇಕಲ್ಲ? ಇಲ್ಲೊಂದು ತೊಡಕಿದೆ. ಮಾತ್ರೆಗಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು, ಸೂಜಿಗೆ ಏನು ಮಾಡೋದು? 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಮತ್ತು ಕ್ಲೈನ್‌ಹೆಂಟ್ಸ್ ನಾಟಕದ ಚಾಕುವಿನಂಥ ಸೂಜಿ ಮಾಡಿದರು. ಮೊಂಡು ತುದಿ ಚರ್ಮಕ್ಕೆ ತಾಗಿದ ಕೂಡಲೇ ಸೂಜಿ ಹಿಡಿಯೊಳಗೆ ಸರಿಯುತ್ತೆ, ಆದರೆ ನೋಡುವವರಿಗೆ ಚುಚ್ಚಿದ ಹಾಗೇ ಕಾಣುತ್ತೆ! ಬಿಂದುಗಳನ್ನು ಬಿಟ್ಟು ಬೇರೆ ಕಡೆ ಮೇಲುಮೇಲೆ ಚುಚ್ಚೋದು ಇನ್ನೊಂದು ಉಪಾಯ. ಇವೆರಡನ್ನೂ ಹುಸಿ ಸೂಜಿ ಅನ್ನೋಣ. ವರ್ನಿಯರ್ ರೀಡಿಂಗ್‌ನಲ್ಲಿ ಝೀರೋ ಎರರ್ ಕಳೆಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಹಾಗೆ ಕಳೆದರೆ ಏನು ಉಳಿಯುತ್ತೆ? 2007ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ ಬೆನ್ನು ನೋವಿನ 1162 ಜನ ಇದ್ದರು. ಆರು ತಿಂಗಳ ನಂತರ ಗುಣ ಕಂಡವರು ನಿಜವಾದ ಸೂಜಿಯಲ್ಲಿ ಶೇಕಡಾ 47.6, ಹುಸಿ ಸೂಜಿಯಲ್ಲಿ 44.2, ಮಾತ್ರೆ-ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ 27.4. ಅಂದರೆ ಎಲ್ಲಿ ಚುಚ್ಚಿದರು ಅನ್ನೋದರಿಂದ ಆದ ವ್ಯತ್ಯಾಸ ಚಿಕ್ಕದು. ಆದರೆ ಯಾವ ಸೂಜಿ ಹಾಕಿಸಿಕೊಂಡವರೂ ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿದ್ದರು. ಇದಕ್ಕೆ ಹುಸಿ ಸೂಜಿಯೂ ಸ್ವಲ್ಪ ಕೆಲಸ ಮಾಡಿರಬಹುದು, ಯಾರೋ ಗಮನ ಕೊಟ್ಟು ನೋಡಿಕೊಂಡ ನೆಮ್ಮದಿಯೂ ಕಾರಣ ಇರಬಹುದು.

ಇದೇ ಫಲಿತಾಂಶಗಳನ್ನು ಇಟ್ಟುಕೊಂಡು ತಜ್ಞರೇ ಬೇರೆ ಬೇರೆ ತೀರ್ಮಾನಕ್ಕೆ ಬಂದಿದ್ದಾರೆ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಬೆನ್ನು ನೋವಿಗೆ ಅಕ್ಯುಪಂಕ್ಚರ್ ಬೇಡ ಅಂದಿತು. ಮರುವರ್ಷ ಅಮೆರಿಕದ ವೈದ್ಯರ ಸಂಸ್ಥೆ ಅದನ್ನು ಮಾತ್ರೆಗೂ ಮೊದಲು ನೋಡಬಹುದಾದ ಆಯ್ಕೆಗಳ ಪಟ್ಟಿಗೆ ಸೇರಿಸಿತು. ಒಬ್ಬರು ಹುಸಿ ಸೂಜಿ ಜೊತೆಗಿನ ಅಂತರಕ್ಕೆ ಹೆಚ್ಚು ಬೆಲೆ ಕೊಟ್ಟರು, ಇನ್ನೊಬ್ಬರು ಅಪಾಯ ಕಡಿಮೆ ಅನ್ನೋದನ್ನೂ ಲೆಕ್ಕಕ್ಕೆ ತಗೊಂಡರು.

ಸ್ವಲ್ಪ ಗಟ್ಟಿ ಆಧಾರ ಇರುವ ಕಡೆಗಳೂ ಇವೆ. ಮೈಗ್ರೇನ್ ಪದೇ ಪದೇ ಬರೋದನ್ನು ತಗ್ಗಿಸೋದಕ್ಕೆ ಇದು ನೆರವಾಗುತ್ತೆ: 2016ರ ಕಾಕ್ರೇನ್ ವಿಮರ್ಶೆಯಲ್ಲಿ ತಲೆನೋವು ಅರ್ಧಕ್ಕಿಳಿದವರು ನಿಜ ಸೂಜಿಯಲ್ಲಿ ನೂರಕ್ಕೆ 50, ಹುಸಿ ಸೂಜಿಯಲ್ಲಿ 41. ಒತ್ತಡದ ತಲೆನೋವು, ಮಂಡಿ ಸವೆತದ ನೋವಿಗೂ ಒಂದಿಷ್ಟು ಉಪಯೋಗ ಕಂಡಿದೆ. ಆಪರೇಷನ್ ಆದ ಮೇಲಿನ ವಾಕರಿಕೆಗೆ ಮಣಿಕಟ್ಟಿನ ಒಳಬದಿಯ, ಮೂರು ಬೆರಳು ಮೇಲಿನ ಬಿಂದು ಬಳಸುತ್ತಾರೆ. ಶುಗರ್, ಸೋಂಕು, ಕ್ಯಾನ್ಸರ್ ಗಡ್ಡೆಯನ್ನು ಸೂಜಿಯಿಂದ ವಾಸಿ ಮಾಡ್ತೀವಿ ಅನ್ನೋರನ್ನು ಮಾತ್ರ ನಂಬಬೇಡಿ. ಕೀಮೋದಿಂದ ಬರುವ ವಾಕರಿಕೆ ತಗ್ಗಿಸೋದು ಬೇರೆ, ಕ್ಯಾನ್ಸರ್ ವಾಸಿ ಮಾಡೋದು ಬೇರೆ.

ಮನೆಯಲ್ಲಿ ಯಾರಾದರೂ ಹೋಗುವುದಾದರೆ ಮೂರು ವಿಷಯ ನೋಡಿ. ತರಬೇತಿ ಇರುವ ವೈದ್ಯರಾ? (ನಮ್ಮ ರಾಜ್ಯದ ಬಿಎನ್‌ವೈಎಸ್ ಪದವಿಯಲ್ಲಿ ಇದೂ ಒಂದು ವಿಷಯ.) ಸೂಜಿ ಹೊಸ ಪ್ಯಾಕೆಟ್‌ನದ್ದಾ? ಎಷ್ಟು ಸಲ ಆದ ಮೇಲೂ ಗುಣ ಕಾಣದಿದ್ದರೆ ನಿಲ್ಲಿಸ್ತಾರೆ? ಚಿಕ್ಕ ರಕ್ತಸ್ರಾವ, ಊತ ಸಾಮಾನ್ಯ. ಎದೆಯ ಹತ್ತಿರ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ತೂತಾಗಿರುವುದು ಅಪರೂಪ, ಆದರೆ ಆಗಿದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಬೇಕು. ಬೆನ್ನು ನೋವಿನ ಜೊತೆ ಕಾಲು ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಸೂಜಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಿಪಿ, ಶುಗರ್ ಮಾತ್ರೆಗಳನ್ನು ಯಾರು ಹೇಳಿದರೂ ನಿಮ್ಮ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.